ಅಧಿಕಾರ ಯಾರಿಗೆ: ವಿಕಲಚೇತನರ ಉದ್ಯೋಗನೀತಿಯ ತಾತ್ವಿಕ ನೆಲೆ

ಒಂದು ಕೆಲಸವನ್ನು ಮಾಡುವ ಅಧಿಕಾರ ಯಾರಿಗಿದೆ? ಅದನ್ನು ನಿರ್ಧರಿಸಬೇಕಾದದ್ದು ಮಾಡುವವರ ದೇಹವೋ, ಕೆಲಸದ ಸ್ವರೂಪವೋ? ವಿಕಲಚೇತನರ ಉದ್ಯೋಗನೀತಿಯ ಬುಡದಲ್ಲಿರುವುದು ಈ ಹಳೆಯ ಪ್ರಶ್ನೆ. ಮೀಸಲಾತಿ ಶೇಕಡ ಎಷ್ಟಿರಬೇಕು, ಯಾವ ಹುದ್ದೆಗಳನ್ನು ಗುರುತಿಸಬೇಕು, ಖಾಸಗಿ ಕಂಪನಿಗಳನ್ನು ಕಾನೂನಿನಿಂದ ಕಟ್ಟಿಹಾಕಬೇಕೋ ಪ್ರೋತ್ಸಾಹಧನದಿಂದ ಒಲಿಸಿಕೊಳ್ಳಬೇಕೋ ಎಂಬ ಆಡಳಿತದ ಚರ್ಚೆಗಳೆಲ್ಲ ಇದಕ್ಕೆ ಕೊಡುವ ಉತ್ತರವನ್ನೇ ಅವಲಂಬಿಸಿವೆ. ಉದ್ಯೋಗವನ್ನು ದಾನವೆಂದು ಭಾವಿಸಿದರೆ ಒಂದು ಬಗೆಯ ನೀತಿ ಹುಟ್ಟುತ್ತದೆ, ಹಕ್ಕೆಂದು ಒಪ್ಪಿದರೆ ಬೇರೊಂದು.

ಪ್ರಶ್ನೆಯ ವ್ಯಾಪ್ತಿ ದೊಡ್ಡದು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ ವಿಕಲಚೇತನರಿದ್ದರು, ಅಂದರೆ ಒಟ್ಟು ಜನಸಂಖ್ಯೆಯ ಶೇ 2.21ರಷ್ಟು. ಕರ್ನಾಟಕವೊಂದರಲ್ಲೇ ಅವರ ಸಂಖ್ಯೆ 13 ಲಕ್ಷ ದಾಟಿತ್ತು. 2018ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೆಯ ಸುತ್ತಿನಲ್ಲಿ, 15 ವರ್ಷ ಮೇಲ್ಪಟ್ಟ ವಿಕಲಚೇತನರ ಪೈಕಿ ದುಡಿಯುತ್ತಿದ್ದವರು ಮತ್ತು ಕೆಲಸ ಹುಡುಕುತ್ತಿದ್ದವರು ಇಬ್ಬರೂ ಸೇರಿ ಶೇ 23.8 ಮಾತ್ರ ಎಂದು ಕಂಡುಬಂತು. ಅದೇ ಸಮೀಕ್ಷೆ ಅವರಲ್ಲಿ ನಿರುದ್ಯೋಗ ಶೇ 4.2 ಎಂದೂ ತೋರಿಸಿತು. ಈ ಸಣ್ಣ ಅಂಕಿಯನ್ನು ಕಂಡು ಸಮಾಧಾನಪಡುವಂತಿಲ್ಲ. ಕೆಲಸ ಕೇಳುವುದನ್ನೇ ಕೈಬಿಟ್ಟವರು ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲ. ನಾಲ್ವರಲ್ಲಿ ಮೂವರು ದುಡಿಮೆಯ ಲೋಕದ ಹೊಸ್ತಿಲಿಗೇ ಬಂದಿರಲಿಲ್ಲ ಎಂಬುದು ಆ ಸಮೀಕ್ಷೆ ಹೇಳಿದ ನಿಜವಾದ ಸಂಗತಿ.

ಕರ್ಮಫಲವೆಂಬ ವಿವರಣೆ

ಭಾರತೀಯ ಸಮಾಜದಲ್ಲಿ ಅಂಗವೈಕಲ್ಯಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ವಿವರಣೆ ಕರ್ಮಸಿದ್ಧಾಂತದ್ದು. ಬೌದ್ಧರ ಧಮ್ಮಪದದ ವ್ಯಾಖ್ಯಾನವಾದ ಅಟ್ಠಕಥೆಯ ಮೊದಲ ಕಥೆಯಲ್ಲಿ ಚಕ್ಖುಪಾಲನೆಂಬ ಭಿಕ್ಷು ಕಣ್ಣು ಕಳೆದುಕೊಳ್ಳುತ್ತಾನೆ. ಹಿಂದಿನ ಜನ್ಮದಲ್ಲಿ ವೈದ್ಯನಾಗಿದ್ದಾಗ ಒಬ್ಬ ಹೆಂಗಸಿನ ಕಣ್ಣು ಕೆಡಿಸಿದ ಪಾಪ ಇದಕ್ಕೆ ಕಾರಣವೆಂದು ಕಥೆ ಹೇಳುತ್ತದೆ. ಧರ್ಮಶಾಸ್ತ್ರಗಳು ಇದಕ್ಕೆ ಕಾನೂನಿನ ರೂಪವನ್ನೂ ಕೊಟ್ಟವು. ಹುಟ್ಟುಕುರುಡರು, ಕಿವುಡರು, ಮೂಕರು ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಆದರೆ ಪಾಲು ಪಡೆದವರು ಅವರಿಗೆ ಅನ್ನ ಬಟ್ಟೆ ಕೊಟ್ಟು ಸಾಕಬೇಕು ಎಂಬುದು ಮನುಸ್ಮೃತಿಯ ನಿಲುವು. ಈ ನಿರ್ಬಂಧ ಬಹುಮಟ್ಟಿಗೆ ತೊಲಗಿದ್ದು 1928ರ ಕಾಯ್ದೆಯಿಂದ, ಸಂಪೂರ್ಣವಾಗಿ ತೊಲಗಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ. ಮಹಾಭಾರತದಲ್ಲಿ ಹಿರಿಯನಾದ ಧೃತರಾಷ್ಟ್ರನಿಗೆ ಕಣ್ಣಿಲ್ಲವೆಂದು ಕಿರಿಯನಾದ ಪಾಂಡುವಿಗೆ ಪಟ್ಟ ಕಟ್ಟಿದ್ದೂ ಇದೇ ತರ್ಕದ ಮೇಲೆ. ಪೋಷಣೆ ಉಂಟು, ಪದವಿ ಇಲ್ಲ. ಈ ಒಪ್ಪಂದ ಇಂದಿಗೂ ಅನೇಕ ಮನೆಗಳಲ್ಲಿ ಮಾತಿಲ್ಲದೆ ನಡೆದುಬಂದಿದೆ.

ಕರ್ಮಸಿದ್ಧಾಂತವನ್ನು ಒಪ್ಪುವವರೂ ಇಂಥ ತೀರ್ಮಾನಕ್ಕೆ ಬರಬೇಕಾಗಿಲ್ಲ. ಕರ್ಮದ ಗತಿಯನ್ನು ತಿಳಿಯುವುದು ಕಷ್ಟವೆಂದು ಭಗವದ್ಗೀತೆಯೇ ಒಪ್ಪಿಕೊಂಡಿರುವಾಗ, ಎದುರಿಗಿರುವ ವ್ಯಕ್ತಿಯ ದೇಹಸ್ಥಿತಿ ಯಾವ ಕರ್ಮದ ಫಲವೆಂದು ಹೇಳುವ ಅರ್ಹತೆ ಯಾರಿಗೂ ಇರುವುದಿಲ್ಲ. ರೋಗವನ್ನೂ ಕರ್ಮಫಲವೆನ್ನುವ ಸಂಪ್ರದಾಯ ಆಯುರ್ವೇದವನ್ನು ಬೆಳೆಸಿತು. ವೈದ್ಯನು ಕರ್ಮಕ್ಕೆ ಅಡ್ಡ ಬರುತ್ತಾನೆಂದು ಯಾರೂ ದೂರಲಿಲ್ಲ. ಇನ್ನೊಬ್ಬನ ಹಿಂದಿನ ಕರ್ಮ ಏನೇ ಆಗಿರಲಿ, ಅವನಿಗೆ ಬಾಗಿಲು ತೆರೆಯುವುದೂ ಮುಚ್ಚುವುದೂ ಬಾಗಿಲ ಬಳಿ ನಿಂತವನ ಈಗಿನ ಕರ್ಮ. ಸಿದ್ಧಾಂತವನ್ನು ನಿಷ್ಠೆಯಿಂದ ಅನ್ವಯಿಸಿದರೆ ಹೊಣೆ ಬೀಳುವುದು ಕೆಲಸ ನಿರಾಕರಿಸಿದವನ ಮೇಲೆ.

ಮೀಮಾಂಸೆಯ ಅಧಿಕಾರವಿಚಾರ

ಕೆಲಸ ಮತ್ತು ದೇಹದ ಸಂಬಂಧವನ್ನು ಕರ್ಮಫಲದ ಗೊಡವೆಯಿಲ್ಲದೆ, ಶುದ್ಧ ತರ್ಕದಿಂದ ಚರ್ಚಿಸಿದ ಶಾಸ್ತ್ರ ಪೂರ್ವಮೀಮಾಂಸೆ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ವಿಷಯವೇ ಅಧಿಕಾರ, ಅಂದರೆ ಯಜ್ಞ ಮಾಡುವ ಅರ್ಹತೆ. ಅಂಗಹೀನನಿಗೆ ಅಧಿಕಾರವಿದೆಯೇ ಎಂಬ ಪ್ರಶ್ನೆ ಅಲ್ಲಿ ನೇರವಾಗಿಯೇ ಬರುತ್ತದೆ. ವಾಸಿಯಾಗುವ ಊನವಿದ್ದವನು ವಾಸಿ ಮಾಡಿಕೊಂಡು ಯಜ್ಞಕ್ಕೆ ಕೂರಬಹುದು, ಶಾಶ್ವತವಾದ ಊನವಿದ್ದವನಿಗೆ ಅಧಿಕಾರವಿಲ್ಲ ಎಂಬುದು ನಿರ್ಣಯ. ಇದಕ್ಕೆ ಕೊಡುವ ಕಾರಣ ಪಾಪವೂ ಅಲ್ಲ, ಅಶುದ್ಧಿಯೂ ಅಲ್ಲ, ಸಾಮರ್ಥ್ಯದ ಕೊರತೆ. ಯಜ್ಞದಲ್ಲಿ ತುಪ್ಪವನ್ನು ನೋಡುವ ಆಜ್ಯಾವೇಕ್ಷಣವೆಂಬ ಕ್ರಿಯೆಯಿದೆ, ಕುರುಡನಿಗೆ ಅದು ಆಗದು. ವಿಷ್ಣುಕ್ರಮವೆಂಬ ಹೆಜ್ಜೆಗಳಿವೆ, ಕುಂಟನಿಗೆ ಅವು ಆಗವು.

ಇಂದಿನ ನೇಮಕಾತಿ ಅಧಿಸೂಚನೆಗಳಲ್ಲಿ ಕಾಣುವ ದೈಹಿಕ ಅರ್ಹತೆಯ ತರ್ಕವೂ ಇದೇ. ಹುದ್ದೆಯ ಕರ್ತವ್ಯಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಒಂದನ್ನು ಮಾಡಲಾಗದಿದ್ದರೂ ಇಡೀ ಹುದ್ದೆಗೆ ಅನರ್ಹವೆಂದು ಸಾರುವ ಕ್ರಮ ಅದು.

ಆದರೆ ಅದೇ ಅಧ್ಯಾಯದ ಮುಂದಿನ ಭಾಗದಲ್ಲಿ ಮೀಮಾಂಸಕರು ಇನ್ನೊಂದು ಸೂಕ್ಷ್ಮವನ್ನು ಗುರುತಿಸುತ್ತಾರೆ. ಫಲ ಬಯಸಿ ಮಾಡುವ ಕಾಮ್ಯಕರ್ಮ ಸರ್ವಾಂಗಸಂಪೂರ್ಣವಾಗಿ ನಡೆಯಬೇಕು. ಬಿಡದೆ ಮಾಡಲೇಬೇಕಾದ ನಿತ್ಯಕರ್ಮದಲ್ಲಿ ಪ್ರಧಾನಕ್ರಿಯೆ ನಡೆದರೆ ಸಾಕು, ಅದಕ್ಕೆ ಪೂರಕವಾದ ಅಂಗಗಳನ್ನು ಯಥಾಶಕ್ತಿ ಮಾಡಬಹುದು. ಕರ್ಮ ಅನಿವಾರ್ಯವಾದಾಗ ಪ್ರಧಾನವನ್ನು ಉಳಿಸಿಕೊಂಡು ಅಂಗಗಳನ್ನು ಸಡಿಲಿಸುವ ನ್ಯಾಯ ಇದು. ಮೀಮಾಂಸಕರು ಈ ನ್ಯಾಯವನ್ನು ಹೇಳಿದ್ದು ಉದ್ಯೋಗಕ್ಕಲ್ಲ, ವಿಕಲಚೇತನರಿಗೆಂದೂ ಅಲ್ಲ. ಆದರೂ ಎರಡು ಚರ್ಚೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಆಧುನಿಕ ಕಾನೂನು ನಿಂತಿರುವ ತತ್ವ ಸ್ಪಷ್ಟವಾಗುತ್ತದೆ. ದುಡಿಮೆಯನ್ನು ಕೆಲವರ ಐಚ್ಛಿಕ ಲಾಭವೆಂದು ಕಂಡರೆ ಸರ್ವಾಂಗಪೂರ್ಣತೆಯನ್ನು ಕೇಳಬಹುದು. ಮನುಷ್ಯನಾಗಿ ಬಾಳಲು ಅದು ಅಗತ್ಯವೆಂದು ಒಪ್ಪಿದ ಮೇಲೆ, ಒಂದು ಹುದ್ದೆಯಲ್ಲಿ ಪ್ರಧಾನ ಯಾವುದು, ಅಂಗ ಯಾವುದು ಎಂದು ಬಿಡಿಸಿ ನೋಡುವ ಹೊಣೆ ಕೆಲಸ ಕೊಡುವವರ ಮೇಲೆ ಬರುತ್ತದೆ.

ಬ್ಯಾಂಕಿನ ಒಬ್ಬ ಗುಮಾಸ್ತರ ಕೆಲಸವನ್ನೇ ತೆಗೆದುಕೊಳ್ಳಬಹುದು. ದೃಷ್ಟಿಯಿಲ್ಲದವರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸ್ಕ್ರೀನ್ ರೀಡರ್ ತಂತ್ರಾಂಶದ ನೆರವಿನಿಂದ ಗಣಕಯಂತ್ರ ನಡೆಸುತ್ತಾರೆ. ಖಾತೆ ಸಂಖ್ಯೆಯ ಒಂದೊಂದು ಅಂಕಿಯೂ ಒತ್ತಿದಂತೆಲ್ಲ ಕಿವಿಗೆ ಕೇಳಿಸುತ್ತದೆ. ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗಬಹುದು. ಗ್ರಾಹಕರ ವಿಚಾರಣೆಗೆ ಉತ್ತರ, ಖಾತೆಯ ವಿವರ, ಸಾಲದ ಅರ್ಜಿಯ ನಮೂದು ಇವೆಲ್ಲ ಹೀಗೆ ಸಾಗುತ್ತವೆ. ಚೆಕ್ಕಿನ ಮೇಲಿನ ಸಹಿಯನ್ನು ಹೋಲಿಸಿ ನೋಡುವ ಕೆಲಸ ಮಾತ್ರ ಪಕ್ಕದ ಮೇಜಿಗೆ ಹೋಗಬೇಕು, ಪಕ್ಕದ ಮೇಜಿನ ದೂರವಾಣಿ ಕರೆಗಳು ಈ ಕಡೆಗೆ ಬರಬಹುದು. ಸಹಿ ನೋಡುವುದೇ ಗುಮಾಸ್ತಿಕೆಯ ಪ್ರಧಾನವೆಂದರೆ ಆ ಹುದ್ದೆ ಅವರಿಗಿಲ್ಲ, ಅದೊಂದು ಅಂಗವೆಂದರೆ ಹುದ್ದೆ ಅವರದು. ಬದಲಾದದ್ದು ಕೆಲಸದ ಹಂಚಿಕೆ, ಕಣ್ಣಲ್ಲ.

ದಾನದಿಂದ ಕಾಯಕಕ್ಕೆ

ಧಾರ್ಮಿಕ ಪದವಿಗಳಿಂದ ಅಂಗವಿಕಲರನ್ನು ಹೊರಗಿಟ್ಟ ನಿಯಮಗಳು ಒಂದು ಧರ್ಮಕ್ಕೆ ಸೀಮಿತವಲ್ಲ. ಬೌದ್ಧರ ವಿನಯಪಿಟಕ ಅಂಥವರಿಗೆ ಪ್ರವ್ರಜ್ಯೆ, ಅಂದರೆ ಸಂನ್ಯಾಸದೀಕ್ಷೆ, ಕೊಡಬಾರದೆನ್ನುತ್ತದೆ. ಯಹೂದಿಗಳ ಲೇವಿಯ ಗ್ರಂಥ ಅಂಗದೋಷವಿದ್ದ ಯಾಜಕನನ್ನು ಬಲಿಪೀಠದ ಸೇವೆಯಿಂದ ದೂರವಿಟ್ಟು, ನೈವೇದ್ಯದ ಪಾಲನ್ನು ಮಾತ್ರ ಕೊಡುತ್ತದೆ. ಇಲ್ಲಿಯೂ ಮನುಸ್ಮೃತಿಯ ಒಪ್ಪಂದವೇ: ಅನ್ನವುಂಟು, ಸ್ಥಾನವಿಲ್ಲ.

ಇದಕ್ಕೆ ಎದುರಾದ ಧಾರೆಯೂ ಧರ್ಮಗಳ ಒಳಗೇ ಇದೆ. ಇಸ್ಲಾಮಿನ ಆರಂಭಕಾಲದಲ್ಲಿ ದೃಷ್ಟಿಯಿಲ್ಲದ ಇಬ್ನ್ ಉಮ್ಮ್ ಮಕ್ತೂಮ್ ಅವರನ್ನು ಪ್ರವಾದಿಯವರು ಅಝಾನ್ ಕೂಗುವ ಕೆಲಸಕ್ಕೆ ನೇಮಿಸಿದ್ದರು. ತಾವು ಊರಿನಲ್ಲಿಲ್ಲದಾಗ ಮದೀನಾದ ಹೊಣೆಯನ್ನೂ ಅವರಿಗೆ ವಹಿಸಿದ್ದುಂಟು. ಹನ್ನೆರಡನೆಯ ಶತಮಾನದ ಯಹೂದಿ ತತ್ವಜ್ಞಾನಿ ಮೈಮೊನಿಡೀಸ್ ದಾನದಲ್ಲಿ ಎಂಟು ಮೆಟ್ಟಿಲುಗಳನ್ನು ಗುರುತಿಸಿದರು. ಕೈ ಚಾಚಿದವನಿಗೆ ಕೊಡುವುದು ಕೆಳಗಿನ ಮೆಟ್ಟಿಲುಗಳಲ್ಲಿ ಬರುತ್ತದೆ. ಕೈ ಚಾಚುವ ಅಗತ್ಯವೇ ಬಾರದಂತೆ ಕೆಲಸ ಕೊಡುವುದು, ವ್ಯಾಪಾರದಲ್ಲಿ ಪಾಲು ಕೊಡುವುದು ಎಲ್ಲಕ್ಕಿಂತ ಮೇಲಿನದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೂಲಿನ ಕೆಲಸದ ಮೇಲ್ವಿಚಾರಕನಾದ ಸೂತ್ರಾಧ್ಯಕ್ಷನು ನೂಲು ತೆಗೆಸಬೇಕಾದವರ ಪಟ್ಟಿಯಲ್ಲಿ ವಿಧವೆಯರ ಜೊತೆಗೆ ಅಂಗವಿಕಲ ಸ್ತ್ರೀಯರೂ ಇದ್ದಾರೆ. ಕೂಲಿ ನಿಗದಿಯಾಗುತ್ತಿದ್ದದ್ದು ನೂಲು ನಯವೋ, ದಪ್ಪವೋ, ಮಧ್ಯಮವೋ ಎಂಬುದನ್ನು ನೋಡಿ. ಅಳತೆಗೋಲು ನೂಲಾಗಿತ್ತು, ನೂತವಳ ದೇಹವಾಗಿರಲಿಲ್ಲ. ದೇಹದ ಊನವನ್ನು ಹಿಡಿದು ಬೈಯುವವರಿಗೂ, ಕಣ್ಣಿಲ್ಲದವನನ್ನು ಸುಂದರ ಕಣ್ಣಿನವನೆಂದು ಹೊಗಳುವ ನೆಪದಲ್ಲಿ ಹಂಗಿಸುವವರಿಗೂ ಕೌಟಿಲ್ಯ ದಂಡ ವಿಧಿಸಿದ್ದಾನೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ಮತ್ತು ಸಮಕಾಲೀನ ಶರಣರು ರೂಪಿಸಿದ ಕಾಯಕ ಮತ್ತು ದಾಸೋಹದ ವಿಚಾರ ಈ ಧಾರೆಯಲ್ಲಿ ಎಲ್ಲಕ್ಕಿಂತ ಮುಂದಕ್ಕೆ ಹೋಗುತ್ತದೆ. ಕಾಯಕಗಳಲ್ಲಿ ಮೇಲು ಕೀಳಿಲ್ಲ, ಕಾಯಕದಿಂದ ಯಾರಿಗೂ ವಿನಾಯಿತಿಯಿಲ್ಲ, ಕಾಯಕದಿಂದ ಬಂದದ್ದನ್ನು ಸಮುದಾಯಕ್ಕೆ ಸಲ್ಲಿಸುವುದು ದಾಸೋಹ. ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ಉದುರಿದ ಅಕ್ಕಿ ಆಯುತ್ತಿದ್ದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ ಅಲ್ಲಿ ಸಮಾನ ಗೌರವ ಪಡೆದರು.

ದಾನ ಮತ್ತು ದಾಸೋಹದ ನಡುವಿನ ಅಂತರವೇ ಉದ್ಯೋಗನೀತಿಗೆ ಬೇಕಾದ ತಿರುಳು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಪ್ರತಿಯೊಬ್ಬರೂ ಕೊಡುವವರಾಗಬೇಕು, ಕೊಡಬೇಕಾದರೆ ಕಾಯಕವಿರಬೇಕು. ಕೆಲಸದಿಂದ ಹೊರಗುಳಿದ ವಿಕಲಚೇತನರಿಗೆ ತಪ್ಪಿಹೋಗುವುದು ಆದಾಯ ಮಾತ್ರವಲ್ಲ. ಮನೆಯ ಖರ್ಚಿಗೆ ಪಾಲು ಹಾಕುವ, ತಂಗಿಯ ಮದುವೆಗೆ ನೆರವಾಗುವ, ಜಾತ್ರೆಗೆ ವಂತಿಗೆ ಕೊಡುವ ಸ್ಥಾನವೂ ತಪ್ಪುತ್ತದೆ. ತಿಂಗಳ ಮಾಸಾಶನ ಹಸಿವನ್ನು ತಗ್ಗಿಸಬಲ್ಲದು, ಈ ಸ್ಥಾನವನ್ನು ಕೊಡಲಾರದು.

ಗದಗದ ಪುಣ್ಯಾಶ್ರಮ

ಧಾರ್ಮಿಕ ಸಂಸ್ಥೆಯೊಂದು ಅಂಧರಿಗೆ ಕಾಯಕ ಕಲಿಸಿದ್ದಕ್ಕೆ ಗದಗದ ವೀರೇಶ್ವರ ಪುಣ್ಯಾಶ್ರಮ ದೊಡ್ಡ ಉದಾಹರಣೆ. ಹಾನಗಲ್ಲಿನ ಕುಮಾರ ಸ್ವಾಮಿಗಳು ಗುರುತಿಸಿ ಬೆಳೆಸಿದ ಅಂಧ ಬಾಲಕನೇ ಮುಂದೆ ಈ ಆಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಾದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಸಂದಿತ್ತು. ಆಶ್ರಮದ ಖರ್ಚಿಗಾಗಿ ಅವರು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ಸುತ್ತಿಸಿದರು.

ಅಲ್ಲಿನ ಶಿಕ್ಷಣಕ್ಕೆ ಹಿಂದೂಸ್ತಾನಿ ಸಂಗೀತದ ಗುರುಮುಖ ಪರಂಪರೆಯೇ ಅನುಕೂಲವಾಯಿತು. ಗುರು ಹಾಡಿದ್ದನ್ನು ಶಿಷ್ಯ ಕೇಳಿ ಒಪ್ಪಿಸುವುದು, ತಬಲಾದ ಬೋಲುಗಳನ್ನು ಬಾಯಲ್ಲಿ ಹೇಳಿಕೊಂಡು ಬೆರಳಿಗೆ ಇಳಿಸುವುದು, ಹಾರ್ಮೋನಿಯಂನ ಮನೆಗಳನ್ನು ಸ್ಪರ್ಶದಿಂದ ಅರಿಯುವುದು, ಇವುಗಳಲ್ಲಿ ಕಣ್ಣು ಪ್ರಧಾನವಲ್ಲ. ಕಲಿತವರು ಗಾಯಕರು, ಕೀರ್ತನಕಾರರು, ವಾದಕರು, ಶಾಲೆಗಳ ಸಂಗೀತ ಶಿಕ್ಷಕರು ಆದರು. ಉಂಡು ಹೋಗುವ ಛತ್ರವಾಗಬಹುದಾಗಿದ್ದ ಸಂಸ್ಥೆ ವೃತ್ತಿಯ ಪಾಠಶಾಲೆಯಾಯಿತು.

ಆದರೆ ಒಂದು ವೃತ್ತಿಯಲ್ಲಿ ಕಂಡ ಯಶಸ್ಸನ್ನು ಇಡೀ ಸಮುದಾಯದ ಹಣೆಬರಹವನ್ನಾಗಿ ಮಾಡುವ ಅಪಾಯವೂ ಇದೆ. ದೃಷ್ಟಿಯಿಲ್ಲದವರೆಂದರೆ ಸಂಗೀತ, ಕುರ್ಚಿಗೆ ಬೆತ್ತ ಹೆಣೆಯುವುದು, ಟೆಲಿಫೋನ್ ಆಪರೇಟರ್ ಕೆಲಸ ಎಂಬ ಅಚ್ಚು ಇಪ್ಪತ್ತನೆಯ ಶತಮಾನದ ಬಹುಭಾಗ ಚಲಾವಣೆಯಲ್ಲಿತ್ತು. ಬ್ರಿಟನ್ನಿನ 1944ರ ಕಾಯ್ದೆಯಡಿ ಅಂಗವಿಕಲರಿಗೆಂದೇ ಮೀಸಲಿಟ್ಟ ವೃತ್ತಿಗಳು ಎರಡು: ಲಿಫ್ಟ್ ನಡೆಸುವುದು ಮತ್ತು ಕಾರು ನಿಲ್ದಾಣ ಕಾಯುವುದು. ದೇಹವನ್ನು ನೋಡಿ ವೃತ್ತಿ ಕಟ್ಟುವುದು ಹುಟ್ಟನ್ನು ನೋಡಿ ವೃತ್ತಿ ಕಟ್ಟುವ ಜಾತಿಪದ್ಧತಿಯ ಇನ್ನೊಂದು ರೂಪ. ಕಾಯಕ ತತ್ವ ಮುರಿಯಲು ಹೊರಟದ್ದು ಇಂಥ ಕಟ್ಟನ್ನೇ.

ಕೊರತೆ ಎಲ್ಲಿದೆ

ಅಂಗವೈಕಲ್ಯದ ನೆಲೆ ವ್ಯಕ್ತಿಯ ದೇಹವಲ್ಲ, ಆ ದೇಹವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಟ್ಟಿದ ಸಮಾಜ ಎಂಬ ವಾದವನ್ನು 1970ರ ದಶಕದಲ್ಲಿ ಬ್ರಿಟನ್ನಿನ ವಿಕಲಚೇತನರ ಚಳವಳಿ ಮುಂದಿಟ್ಟಿತು. ಗಾಲಿಕುರ್ಚಿಯಲ್ಲಿರುವವರನ್ನು ಕಚೇರಿಯಿಂದ ಹೊರಗಿಡುವುದು ಅವರ ಕಾಲಲ್ಲ, ಬಾಗಿಲ ಮುಂದಿನ ಮೆಟ್ಟಿಲು. ಈ ವಾದಕ್ಕೆ ಮಿತಿಯಿದೆ. ನೋವು, ಆಯಾಸ, ಬುದ್ಧಿಶಕ್ತಿಯ ಕೊರತೆ ಇವುಗಳನ್ನೆಲ್ಲ ಮೆಟ್ಟಿಲಿನ ಲೆಕ್ಕಕ್ಕೆ ಹಾಕಲಾಗದು. ಆದರೂ ನೀತಿಯ ದಿಕ್ಕನ್ನು ಅದು ಬದಲಿಸಿತು. ಅಲ್ಲಿಯವರೆಗೆ ಸರಿಪಡಿಸಬೇಕಾದದ್ದು ಮನುಷ್ಯನನ್ನು ಎಂದಿದ್ದದ್ದು, ಕೆಲಸದ ಜಾಗವನ್ನು ಎಂದಾಯಿತು.

ಅಮರ್ತ್ಯ ಸೇನ್ ತಮ್ಮ ನ್ಯಾಯವಿಚಾರದಲ್ಲಿ ಇದಕ್ಕೆ ಅರ್ಥಶಾಸ್ತ್ರದ ಬಲ ಕೊಟ್ಟರು. ಅಂಗವೈಕಲ್ಯ ಎರಡು ಹೊಡೆತ ಕೊಡುತ್ತದೆ ಎಂಬುದು ಅವರ ವಿವೇಚನೆ. ಮೊದಲನೆಯದು ಗಳಿಕೆ ಕಡಿಮೆಯಾಗುವುದು. ಎರಡನೆಯದು, ಗಳಿಸಿದ ಅಷ್ಟೇ ಹಣದಿಂದ ಇತರರಷ್ಟು ಬದುಕನ್ನು ಕಟ್ಟಿಕೊಳ್ಳಲಾಗದಿರುವುದು. ಬಸ್ಸಿನಲ್ಲಿ ಹೋಗಬಹುದಾದವರು ಆಟೊ ಹಿಡಿಯಬೇಕು, ಉಪಕರಣ ಕೊಳ್ಳಬೇಕು, ಸಹಾಯಕರಿಗೆ ಹಣ ಕೊಡಬೇಕು. ಸೇನ್ ಉಲ್ಲೇಖಿಸುವ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಬಡತನ ರೇಖೆಯ ಕೆಳಗಿನ ಕುಟುಂಬಗಳಲ್ಲಿದ್ದ ಜನ ಒಟ್ಟಾರೆ ಶೇ 17.9. ವಿಕಲಚೇತನರಿರುವ ಕುಟುಂಬಗಳಲ್ಲಿ ಈ ಪ್ರಮಾಣ ಶೇ 23.1. ಎರಡನೆಯ ಹೊಡೆತವನ್ನೂ ಲೆಕ್ಕಕ್ಕೆ ಹಿಡಿದಾಗ ಅದು ಶೇ 47.4ಕ್ಕೆ ಏರಿತು. ಸಮಾನ ಸಂಬಳ ಕೊಟ್ಟ ಮಾತ್ರಕ್ಕೆ ಸಮಾನತೆ ಬರುವುದಿಲ್ಲವೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಪ್ರಯಾಣಭತ್ಯೆ, ಉಪಕರಣಗಳ ವೆಚ್ಚ, ಏರಲು ಬರುವಂಥ ಬಸ್ಸು ಇವೆಲ್ಲ ಉದ್ಯೋಗನೀತಿಯ ಭಾಗವಾಗುವುದು ಇದೇ ಕಾರಣಕ್ಕೆ.

ಕಾನೂನಿನ ಉತ್ತರ

ಭಾರತದಲ್ಲಿ ವಿಕಲಚೇತನರಿಗಾಗಿ ಬಂದ 1995ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 3ರಷ್ಟು ಮೀಸಲಾತಿ ತಂದಿತು: ದೃಷ್ಟಿದೋಷ, ಶ್ರವಣದೋಷ, ಚಲನವೈಕಲ್ಯಗಳಿಗೆ ತಲಾ ಶೇ 1. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಸ್ಥಿರೀಕರಿಸಿತು. ಅದರ 27ನೆಯ ವಿಧಿ ದುಡಿಮೆಯನ್ನು ಹಕ್ಕೆಂದು ಸಾರುತ್ತದೆ. ಇದಕ್ಕೆ ಅನುಗುಣವಾಗಿ ಬಂದ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಮೀಸಲಾತಿಯನ್ನು ಶೇ 4ಕ್ಕೆ ಏರಿಸಿತು. ಸ್ವಲೀನತೆ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ವೈಕಲ್ಯ ಇರುವವರೂ ಹೊಸದಾಗಿ ಇದರೊಳಗೆ ಬಂದರು. ಸೇವೆಯಲ್ಲಿರುವಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು.

ಸಂಖ್ಯೆಗಿಂತ ದೊಡ್ಡ ಬದಲಾವಣೆ ಸಮಂಜಸ ಹೊಂದಾಣಿಕೆಯೆಂಬ ತತ್ವ. ಕೆಲಸ ಕೊಡುವವರ ಮೇಲೆ ಅತಿಯಾದ ಹೊರೆ ಬೀಳದಂತೆ, ಆಯಾ ವ್ಯಕ್ತಿಗೆ ಬೇಕಾದ ಮಾರ್ಪಾಡು ಮಾಡಿಕೊಡುವುದು ಕಾನೂನಿನ ಬಾಧ್ಯತೆಯಾಯಿತು. ಮೀಮಾಂಸೆಯ ಭಾಷೆಯಲ್ಲಿ ಹೇಳುವುದಾದರೆ ಪ್ರಧಾನವನ್ನು ಬಿಡದೆ ಅಂಗಗಳನ್ನು ಸಡಿಲಿಸುವುದೇ ಇದು.

ನ್ಯಾಯಾಂಗ ಸೇವೆಯ ವಿಷಯದಲ್ಲಿ ಈ ತತ್ವ ಎಷ್ಟು ಬೇಗ ನೆಲೆಯೂರಿತೆಂಬುದು ಗಮನಾರ್ಹ. ತಮಿಳುನಾಡಿನ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ದೃಷ್ಟಿದೋಷವುಳ್ಳವರ ಪೈಕಿ ಶೇ 40ರಿಂದ 50ರಷ್ಟು ದೋಷವಿದ್ದವರು ಮಾತ್ರ ಅರ್ಹರೆಂಬ ಮಿತಿಯನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ನೋಡುವ, ಕೇಳುವ, ಮಾತಾಡುವ ಶಕ್ತಿ ತಕ್ಕಮಟ್ಟಿಗಾದರೂ ಇಲ್ಲದೆ ನ್ಯಾಯಾಧೀಶರ ಕೆಲಸ ನಡೆಯದು ಎಂಬ ವಾದವನ್ನು ಅದು ಒಪ್ಪಿತ್ತು. 2021ರಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಕೊಡಬೇಕೆಂದ ಅದೇ ನ್ಯಾಯಾಲಯ, ಸಮಂಜಸ ಹೊಂದಾಣಿಕೆಯನ್ನು ಪರಿಗಣಿಸದ 2019ರ ತೀರ್ಪನ್ನು ಪೂರ್ವನಿದರ್ಶನವಾಗಿ ಹಿಡಿಯಲಾಗದೆಂದಿತು. 2025ರ ಮಾರ್ಚ್‌ನಲ್ಲಿ, ದೃಷ್ಟಿದೋಷದ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡುವಂತಿಲ್ಲವೆಂದು ಹೇಳಿ ಮಧ್ಯಪ್ರದೇಶದ ನಿಯಮವನ್ನು ರದ್ದುಪಡಿಸಿತು. ಸಾಕ್ಷ್ಯವನ್ನು ತೂಗುವುದು, ಕಾನೂನನ್ನು ಅನ್ವಯಿಸುವುದು, ಕಾರಣ ಕೊಟ್ಟು ನಿರ್ಣಯಿಸುವುದು ನ್ಯಾಯಾಧೀಶರ ಪ್ರಧಾನಕರ್ಮ. ಕಡತವನ್ನು ಕಣ್ಣಿನಿಂದ ಓದುವುದು ಅದರ ಒಂದು ಅಂಗ. ಆರು ವರ್ಷಗಳಲ್ಲಿ ಆದ ಪಲ್ಲಟದ ಸಾರ ಇದು.

ಹುದ್ದೆ ಗುರುತಿಸುವ ಪದ್ಧತಿ ಮಾತ್ರ ಇನ್ನೂ ಉಳಿದಿದೆ. ಯಾವ ವೈಕಲ್ಯದವರಿಗೆ ಯಾವ ಹುದ್ದೆ ಹೊಂದುತ್ತದೆಂದು ಸಮಿತಿ ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಸಿಗುವುದಿಲ್ಲ. ಮೀಸಲಾತಿಯ ಲೆಕ್ಕವನ್ನು ಗುರುತಿಸಿದ ಹುದ್ದೆಗಳಿಗಷ್ಟೇ ಸೀಮಿತಗೊಳಿಸದೆ ವೃಂದದ ಒಟ್ಟು ಖಾಲಿ ಹುದ್ದೆಗಳ ಮೇಲೆ ಹಾಕಬೇಕೆಂದು 2013ರಲ್ಲೇ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆದರೂ ಪಟ್ಟಿಯ ಹಿಂದಿನ ಮನೋಭಾವ ಜೈಮಿನಿಯ ಮೊದಲ ನಿರ್ಣಯದ್ದೇ. ಮೀಸಲಾತಿಗೆ ಬೇಕಾದ, ಕನಿಷ್ಠ ಶೇಕಡ 40ರಷ್ಟು ವೈಕಲ್ಯವಿದೆಯೆಂದು ವೈದ್ಯಕೀಯ ಮಂಡಳಿ ಕೊಡುವ ಪ್ರಮಾಣಪತ್ರ ದೇಹವನ್ನು ಅಳೆಯುತ್ತದೆಯೇ ಹೊರತು, ನಿರ್ದಿಷ್ಟ ಕೆಲಸದಲ್ಲಿ ಆ ದೇಹಕ್ಕೆ ಏನು ಸಾಧ್ಯವೆಂಬುದನ್ನಲ್ಲ.

ಮೀಸಲಾತಿ, ದಂಡ ಮತ್ತು ಪ್ರೋತ್ಸಾಹ

ಖಾಸಗಿ ವಲಯದ ವಿಷಯದಲ್ಲಿ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಜರ್ಮನಿಯಲ್ಲಿ 20 ಮತ್ತು ಅದಕ್ಕಿಂತ ಹೆಚ್ಚು ಹುದ್ದೆಗಳಿರುವ ಸಂಸ್ಥೆ ಶೇ 5ರಷ್ಟನ್ನು ತೀವ್ರ ಅಂಗವಿಕಲರಿಗೆ ಕೊಡಬೇಕು. ಕೊಡದಿದ್ದರೆ ಶುಲ್ಕ ಕಟ್ಟಬೇಕು. ಫ್ರಾನ್ಸಿನಲ್ಲಿ ಪ್ರಮಾಣ ಶೇ 6. ಜಪಾನ್ 2024ರ ಏಪ್ರಿಲ್‌ನಲ್ಲಿ ಅದನ್ನು ಶೇ 2.5ಕ್ಕೆ ಏರಿಸಿತು. ಬ್ರಿಟನ್ 1944ರಲ್ಲಿ ತಂದ ಶೇ 3ರ ಕಡ್ಡಾಯವನ್ನು 1995ರ ತಾರತಮ್ಯ ನಿಷೇಧ ಕಾಯ್ದೆಯ ಮೂಲಕ ಕೈಬಿಟ್ಟಿತು. ಅಮೆರಿಕ 1990ರಲ್ಲಿ ತಾರತಮ್ಯ ನಿಷೇಧ ಮತ್ತು ಹೊಂದಾಣಿಕೆಯ ದಾರಿಯನ್ನೇ ಆರಿಸಿಕೊಂಡಿತು. ಭಾರತದ 2016ರ ಕಾಯ್ದೆ, ನೌಕರವರ್ಗದಲ್ಲಿ ಕನಿಷ್ಠ ಶೇ 5ರಷ್ಟು ವಿಕಲಚೇತನರು ಇರುವಂತಾಗಲು ಖಾಸಗಿ ಉದ್ಯೋಗದಾತರಿಗೆ ಪ್ರೋತ್ಸಾಹ ಕೊಡಬೇಕೆನ್ನುತ್ತದೆ, ಕಡ್ಡಾಯ ಮಾಡುವುದಿಲ್ಲ.

ಶುಲ್ಕದ ಪದ್ಧತಿಗೆ ನೈತಿಕ ಆಕ್ಷೇಪವೊಂದಿದೆ. ಹಣ ಕಟ್ಟಿ ಕರ್ತವ್ಯದಿಂದ ಬಿಡುಗಡೆ ಪಡೆಯಬಹುದಾದರೆ ಹಕ್ಕು ಮತ್ತೆ ದಾನಕ್ಕೆ ಇಳಿಯುತ್ತದೆ. ಇದಕ್ಕೆ ಸಮಾಧಾನವೂ ಇದೆ: ಜರ್ಮನಿಯಲ್ಲಿ ಆ ಹಣವನ್ನು ವಿಕಲಚೇತನರ ಉದ್ಯೋಗಕ್ಕೆ ಬೇಕಾದ ನೆರವಿಗೇ ಬಳಸುತ್ತಾರೆ, ಆದ್ದರಿಂದ ಹೊಂದಾಣಿಕೆಯ ವೆಚ್ಚ ಒಬ್ಬ ಮಾಲೀಕನ ಮೇಲೆ ಬೀಳದೆ ಎಲ್ಲರಿಗೂ ಹಂಚಿಹೋಗುತ್ತದೆ. ಮೀಸಲಾತಿ ಪ್ರತಿಭೆಗೆ ವಿರುದ್ಧವೆಂಬ ಇನ್ನೊಂದು ಆಕ್ಷೇಪ ಹೆಚ್ಚು ದುರ್ಬಲ. ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದಲ್ಲಿ, ಅಚ್ಚಾದ ಪ್ರಶ್ನೆಪತ್ರಿಕೆಯಲ್ಲಿ ನಡೆದ ಪರೀಕ್ಷೆ ಪ್ರತಿಭೆಯ ಜೊತೆಗೆ ಕಾಲನ್ನೂ ಕಣ್ಣನ್ನೂ ಅಳೆದಿರುತ್ತದೆ.

ಕೂಲಿಯ ಅಳತೆ

ಕಡಿಮೆ ಕೆಲಸಕ್ಕೆ ಪೂರ್ಣ ಕೂಲಿ ನ್ಯಾಯವೇ ಎಂಬ ಪ್ರಶ್ನೆಗೆ ಅಮೆರಿಕ ಮತ್ತು ಕರ್ನಾಟಕ ಎದುರುಬದುರಾದ ಉತ್ತರ ಕೊಟ್ಟಿವೆ. ಅಮೆರಿಕದ 1938ರ ಕಾರ್ಮಿಕ ಕಾಯ್ದೆಯ ಒಂದು ಉಪವಿಧಿ, ಅಂಗವಿಕಲ ಕೆಲಸಗಾರರಿಗೆ ಅವರ ಉತ್ಪಾದಕತೆಯನ್ನು ಅಳೆದು ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲು ಅವಕಾಶ ಮಾಡಿಕೊಟ್ಟಿತು. ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ವಿಕಲಚೇತನ ಕೂಲಿಕಾರರಿಗೆ ಕೆಲಸದ ಪ್ರಮಾಣದಲ್ಲಿ ಶೇ 50ರ ರಿಯಾಯಿತಿ ಕೊಡಲಾಯಿತು. ಇತರರು ಅಗೆಯಬೇಕಾದ ಮಣ್ಣಿನ ಅರ್ಧದಷ್ಟು ಅಗೆದರೆ ಪೂರ್ಣ ಕೂಲಿ. ಕೂಲಿಕಾರರಿಗೆ ನೀರು ಕೊಡುವುದು, ಕೆಲಸದ ಜಾಗದಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು, ಸಸಿ ನೆಡುವುದು ಮೊದಲಾದ ಕೆಲಸಗಳಲ್ಲೂ ಅವರಿಗೆ ಆದ್ಯತೆಯಿತ್ತು. ಮೊದಲನೆಯ ಕ್ರಮ ಅಗೆದ ಮಣ್ಣನ್ನು ಅಳೆಯುತ್ತದೆ, ಎರಡನೆಯದು ಪಟ್ಟ ಶ್ರಮವನ್ನು. ಕಾಯಕದ ದೃಷ್ಟಿಗೆ ಹತ್ತಿರವಾದದ್ದು ಎರಡನೆಯದು.

ಇದೇ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸ್ಥಿತಿ ಬೇರೆ ಪಾಠ ಹೇಳುತ್ತದೆ. ಬಹುಪಾಲು ಸ್ವತಃ ವಿಕಲಚೇತನರೇ ಆದ ಈ ಕಾರ್ಯಕರ್ತರು ಊರಿನ ವಿಕಲಚೇತನರ ಸಮೀಕ್ಷೆ, ಗುರುತಿನ ಚೀಟಿ, ಮಾಸಾಶನದ ಅರ್ಜಿಗಳ ಕೆಲಸ ಮಾಡುತ್ತಾರೆ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕೆಲಸ ನಿತ್ಯದ್ದು, ಸಂದಾಯ ಕೃಪೆಯ ರೂಪದ್ದು. ಹಕ್ಕಿನ ಕಾನೂನು ಬಂದ ಮೇಲೂ ದಾನದ ಲೆಕ್ಕದ ಪುಸ್ತಕ ಮುಚ್ಚಿಲ್ಲವೆಂಬುದಕ್ಕೆ ಇದು ಗುರುತು.

ಕಾಯಕದ ಮಿತಿ

ಕೆಲಸವೇ ಘನತೆಯ ಮೂಲವೆಂದು ಒತ್ತಿ ಹೇಳುವ ಯಾವ ದರ್ಶನವೂ ಒಂದು ಕಷ್ಟದ ಪ್ರಶ್ನೆಯನ್ನು ಎದುರಿಸಬೇಕು. ಎಷ್ಟು ಹೊಂದಾಣಿಕೆ ಮಾಡಿಕೊಟ್ಟರೂ ದುಡಿಯಲಾಗದವರು ಕೆಲವರಿರುತ್ತಾರೆ. ಅವರ ಘನತೆಯ ಆಧಾರವೇನು? ಪರಸ್ಪರ ಲಾಭಕ್ಕಾಗಿ ಸಮರ್ಥರು ಮಾಡಿಕೊಂಡ ಒಪ್ಪಂದವೇ ಸಮಾಜವೆಂಬ ಪಾಶ್ಚಾತ್ಯ ಚಿಂತನೆ ಇಲ್ಲಿ ಸೋಲುತ್ತದೆಂದು ತತ್ವಜ್ಞಾನಿ ಮಾರ್ತಾ ನುಸ್‌ಬಾಮ್ 2006ರ ಕೃತಿಯಲ್ಲಿ ವಾದಿಸಿದರು. ಅವಲಂಬನೆ ಕೆಲವರ ದೋಷವಲ್ಲ, ಶೈಶವ, ಕಾಯಿಲೆ, ಮುಪ್ಪುಗಳ ಮೂಲಕ ಎಲ್ಲರೂ ಹಾದುಹೋಗುವ ಸ್ಥಿತಿ ಎಂಬುದನ್ನು ಅಲಸ್ಡೇರ್ ಮ್ಯಾಕಿಂಟೈರ್ 1999ರಲ್ಲಿ ನೈತಿಕ ತತ್ವಶಾಸ್ತ್ರದ ಕೇಂದ್ರಕ್ಕೆ ತಂದರು.

ಶರಣರ ವಿಚಾರದಲ್ಲಿ ಇದಕ್ಕೆ ಒಂದು ದಾರಿ ಕಾಣುತ್ತದೆ. ಅಲ್ಲಿ ದೇಹಕ್ಕೆ ಗೌರವ ಬರುವುದು ಕಾಯಕ ಮಾಡುವುದರಿಂದ ಮಾತ್ರವಲ್ಲ. ಪ್ರತಿಯೊಂದು ದೇಹವೂ ದೇವರ ನೆಲೆ ಎಂಬ ನಂಬಿಕೆ ಕಾಯಕಕ್ಕಿಂತ ಮೊದಲೇ ಇದೆ. ಘನತೆ ಮೊದಲು, ಕಾಯಕ ಅದರ ಅಭಿವ್ಯಕ್ತಿ. ಈ ಕ್ರಮವನ್ನು ತಲೆಕೆಳಗು ಮಾಡಿದರೆ, ದುಡಿಯದವರಿಗೆ ಮಾಸಾಶನ ಕೊಡುವುದು ದಂಡವೆಂದೂ, ದುಡಿಯಲು ಹೊರಟವರ ಮಾಸಾಶನ ಕಿತ್ತುಕೊಳ್ಳುವುದು ಉಳಿತಾಯವೆಂದೂ ತೋರತೊಡಗುತ್ತದೆ.

ಇವೆಲ್ಲದರಿಂದ ನೀತಿಯ ರೂಪುರೇಷೆ ಹೊರಡುತ್ತದೆ. ಹುದ್ದೆಗಳ ಪಟ್ಟಿ ಮಾಡುವ ಬದಲು ಪ್ರತಿ ಹುದ್ದೆಯ ಪ್ರಧಾನ ಕರ್ತವ್ಯಗಳನ್ನು ಗುರುತಿಸಿ ಉಳಿದವನ್ನು ಹಂಚಿಕೊಳ್ಳುವಂತಾಗಬೇಕು. ಹೊಂದಾಣಿಕೆಯ ವೆಚ್ಚವನ್ನು ಒಬ್ಬ ಮಾಲೀಕನ ತಲೆಗೆ ಕಟ್ಟದೆ ಸಾರ್ವಜನಿಕ ನಿಧಿಯಿಂದ ಭರಿಸಬೇಕು. ಶಾಲೆ, ಬಸ್ಸು, ಪರೀಕ್ಷಾ ಕೇಂದ್ರ, ತಂತ್ರಾಂಶ ಇವು ಬಳಕೆಗೆ ಬರುವಂತಿರಬೇಕು, ಏಕೆಂದರೆ ಉದ್ಯೋಗ ಆರಂಭವಾಗುವುದು ಕಚೇರಿಯ ಬಾಗಿಲಲ್ಲಿ ಅಲ್ಲ. ತುಂಬದೆ ಉಳಿದ ಬ್ಯಾಕ್‌ಲಾಗ್ ಹುದ್ದೆಗಳ ಲೆಕ್ಕ ಬಹಿರಂಗವಾಗಿರಬೇಕು. ದುಡಿಯುವವರಿಗೆ ಗೌರವಧನವಲ್ಲ, ವೇತನ ಸಲ್ಲಬೇಕು. ದುಡಿಯಲಾಗದವರ ಪೋಷಣೆ ಕೃಪೆಯಾಗದೆ ಬಾಧ್ಯತೆಯಾಗಿ ನಡೆಯಬೇಕು. ಅನ್ನ ಉಂಟು, ಸ್ಥಾನವಿಲ್ಲ ಎಂಬ ಹಳೆಯ ಒಪ್ಪಂದ ರದ್ದಾಗುವುದು ಈ ಎರಡೂ ಕೈಗೂಡಿದಾಗ: ದುಡಿಯಬಲ್ಲವರಿಗೆ ಸ್ಥಾನ ಸಿಗಬೇಕು, ದುಡಿಯಲಾಗದವರಿಗೆ ಅನ್ನದ ಜೊತೆಗೆ ಸ್ಥಾನವೂ ಉಳಿಯಬೇಕು.